ನಾಯಕನ ನಿರ್ಗಮನ

೨೦೦೮ರ ನವೆಂಬರ್ ೨. ದೆಹಲಿಯ ಕೋಟ್ಲಾ ಮೈದಾನದಲ್ಲಿ ಆಸ್ಟ್ರೇಲಿಯದೆದುರಿನ ಟೆಸ್ಟ್ ಪಂದ್ಯ ಡ್ರಾ ಆಗಿ ಮುಗಿದಾಗ, ಎಡಗೈಗೆ ೧೧ ಹೊಲಿಗೆ ಬಿದ್ದಿದ್ದ ನಾಯಕನನ್ನು ಸಂಗಡಿಗರು ಹೆಗಲ ಮೇಲೆ ಹೊತ್ತು ಮೆರೆಸಿದರು. ೧೯೯೯ರಲ್ಲಿ ಅದೇ ಅಂಗಳದಲ್ಲಿ, ಒಂದೇ ಇನಿಂಗ್ಸಿನಲ್ಲಿ, ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು ಉರುಳಿಸಿದ್ದ ಬೆಂಗಳೂರಿನ ಅನಿಲ್ ಕುಂಬ್ಳೆ ಅಂದು ನಿವೃತ್ತರಾದರು.

ಇವರ ಚೆಂಡು ತಿರುಗುವುದೇ ಇಲ್ಲವೆಂದು ಆಡಿಕೊಂಡವರು ಹಲವರು. ಅವರಿಗೆ ಕುಂಬ್ಳೆ ಕೊಟ್ಟ ಉತ್ತರ, ೧೩೨ ಟೆಸ್ಟುಗಳಲ್ಲಿ ೬೧೯ ವಿಕೆಟ್ಟು. ಭಾರತದ ಪರವಾಗಿ ಅಷ್ಟನ್ನು ಗಳಿಸಿದವರು ಮತ್ತೊಬ್ಬರಿಲ್ಲ. ೨೦೦೨ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದರೂ ತಲೆಗೆ ಪಟ್ಟಿ ಬಿಗಿದುಕೊಂಡು ಬಂದು ೧೪ ಓವರುಗಳನ್ನೆಸೆದು, ಬ್ರಯನ್ ಲಾರಾ ಅವರ ವಿಕೆಟ್ಟನ್ನು ಕಿತ್ತ ದೃಶ್ಯವನ್ನು ಅಭಿಮಾನಿಗಳು ಮರೆತಾರೆಯೆ?

ಇಂತಹವರಿಗೆ ಟೆಸ್ಟ್ ತಂಡದ ನಾಯಕಪಟ್ಟ ಒಲಿದದ್ದು ೨೦೦೭ರಲ್ಲಿ, ವಯಸ್ಸು ೩೭ ತುಂಬಿದ ಮೇಲೆ. ಉಳಿದದ್ದು ವರ್ಷಮಾತ್ರ, ೧೪ ಪಂದ್ಯಗಳು. ತಡವಾಯಿತೆಂಬ ಅಳಲು ಅಭಿಮಾನಿಗಳಿಗೆ ಇಂದಿಗೂ ಉಂಟು. ಕುಂಬ್ಳೆಯವರಾದರೋ, ಮುಂದಿನ ಪಂದ್ಯದ ವೇಳೆಗೆ ಗಾಯ ಪೂರ್ತಿ ಮಾಯದೆಂದು ಕಂಡೊಡನೆ ತಾವಾಗಿಯೇ ಪಟ್ಟದಿಂದಿಳಿದರು. ಮುರಿದ ದವಡೆಯೊಡನೆ ಅಂಗಳಕ್ಕೆ ಮರಳಿದ ಧೈರ್ಯ ದೊಡ್ಡದು. ಕೈ ಸಾಗದೆಂದು ಅರಿತು ಅಂಗಳದಿಂದ ಹೊರನಡೆದ ವಿವೇಕ ಅದಕ್ಕಿಂತಲೂ ದೊಡ್ಡದು.