ಬಿಗಿ ಅಂದ್ರೆ ಎಷ್ಟು ಬಿಗಿ?

ಏನಾದರೂ ಸಡಿಲವಾಯಿತು ಅಂದರೆ ಸಾಕು, ಮೈಯಲ್ಲಿರೋ ಶಕ್ತಿಯನ್ನೆಲ್ಲ ಹಾಕಿ ತಿರುಗಿಸಿಬಿಡೋದು ನಮ್ಮ ಜನರ ಅಭ್ಯಾಸ. ನಲ್ಲಿಯಾದರೆ ವಾಷರ್ ಹೋಗುತ್ತೆ, ಅಷ್ಟೇ. ಆದರೆ ಪಿಸ್ತೂಲು, ರಿವಾಲ್ವರುಗಳ ಹಿಡಿಕೆಯ ಸ್ಕ್ರೂಗೂ ಇದೇ ನ್ಯಾಯ ಹಚ್ಚಬಾರದು ಅನ್ನೋದು ನನ್ನ ವಾದ.

ಬ್ಯಾಂಕಿನವನಿಗೆ ಯಾಕಪ್ಪಾ ಈ ಉಸಾಬರಿ ಅಂತೀರಾ? ಮುಂಬಯಿಯ ಶಾಖೆಗಳಲ್ಲಿ ಇಷ್ಟು ವರ್ಷ ಕಳೆದವನಿಗೆ ಬಂದೂಕು ಹಿಡಿದವರ ಸಹವಾಸ ತಪ್ಪಿದ್ದಲ್ಲ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರುವವರು, ಕ್ಯಾಶ್ ವ್ಯಾನಿನ ಜೊತೆ ಬರುವವರು... ನಾನು ಕಂಡವರಲ್ಲಿ ಹೆಚ್ಚಿನವರು ಸೈನ್ಯದಿಂದ ನಿವೃತ್ತರಾದವರು. ಎಷ್ಟೋ ಜನರದ್ದು ಸ್ವಂತ ಲೈಸೆನ್ಸು, ಸ್ವಂತ ಆಯುಧ. ಅಂಥ ಒಬ್ಬ ಸಾತಾರಾ ಕಡೆಯ ಕಾಕಾ ಮಧ್ಯಾಹ್ನದ ಬಿಡುವಿನಲ್ಲಿ ಇದರ ಮರ್ಮವನ್ನೆಲ್ಲ ನನಗೆ ಬಿಡಿಸಿ ಹೇಳುತ್ತಿದ್ದರು.

ಅಮೆರಿಕದ ಹೆಸರಾಂತ 1911 ಪಿಸ್ತೂಲನ್ನೇ ನೋಡಿ. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ್ದು. ಹಿಡಿಕೆಯ ಒಂದೊಂದು ಪಕ್ಕಕ್ಕೆ ಎರಡೆರಡರಂತೆ 4 ಸ್ಕ್ರೂ. ಇವು ನೇರವಾಗಿ ಚೌಕಟ್ಟಿಗೆ ಇಳಿಯುವುದಿಲ್ಲ, ಚೌಕಟ್ಟಿಗೆ ಕೂರಿಸಿದ ಬುಶಿಂಗ್ ಅನ್ನುವ ಪುಟ್ಟ ಕೊಳವೆಗಳಿಗೆ ಇಳಿಯುತ್ತವೆ. ವಿಪರೀತ ಬಿಗಿದರೆ ಮುಂದಿನ ಸಲ ಸ್ಕ್ರೂ ಬಿಚ್ಚುವಾಗ ಬುಶಿಂಗೂ ಜೊತೆಗೇ ಕಿತ್ತು ಬರಬಹುದು. ಮರದ ಹಿಡಿಕೆಯಾದರೆ ಸೀಳು ಬಿಡುತ್ತದೆ. ಹಾಗಂತ ಸಡಿಲ ಬಿಟ್ಟರೂ ಕಷ್ಟ. ಪ್ರತಿ ಗುಂಡಿಗೂ ಹಿಡಿಕೆ ಅಲುಗಾಡಿ ಕೈಯ ಹಿಡಿತ ತಪ್ಪುತ್ತದೆ, ಕೊನೆಗೆ ಸ್ಕ್ರೂ ಎಲ್ಲೋ ಬಿದ್ದುಹೋಗುತ್ತದೆ.

ಸರಿಯಾದ ಕ್ರಮ ಸರಳ. ಮೊದಲು ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು. ರಿವಾಲ್ವರಾದರೆ ಸಿಲಿಂಡರಿನ ಎಲ್ಲ ಮನೆಗಳನ್ನೂ ನೋಡಬೇಕು. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಸ್ಕ್ರೂಡ್ರೈವರ್ ತುದಿ ಸ್ಕ್ರೂವಿನ ಗೀರಿನಲ್ಲಿ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ಕೂರಬೇಕು. ಮನೆಯಲ್ಲಿರುವ ಮಾಮೂಲಿ ಸ್ಕ್ರೂಡ್ರೈವರಿನ ತುದಿ ಆಪಿನ ಹಾಗೆ ಚೂಪಾಗುತ್ತಾ ಹೋಗುವುದರಿಂದ ಜಾರಿ ಗೀರನ್ನೇ ಕೆಡಿಸುತ್ತದೆ. ಮೊದಲ ಸುತ್ತುಗಳನ್ನು ಕೈಯಲ್ಲೇ ಹಾಕಿ, ಎರಡೂ ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ತಿರುಗಿಸಿ. ತಲೆ ಹಿಡಿಕೆಗೆ ತಾಗಿದ ಮೇಲೆ ಮುಷ್ಟಿಯಿಂದಲ್ಲ, ಬೆರಳುಗಳಿಂದ ಇನ್ನೊಂದು ಚೂರು. ಅಲ್ಲಿಗೆ ಸಾಕು.

ಆದರೂ ಪದೇ ಪದೇ ಸಡಿಲವಾಗುತ್ತಿದ್ದರೆ ಉತ್ತರ ಇನ್ನಷ್ಟು ಬಲ ಅಲ್ಲ. ನೀಲಿ ಬಣ್ಣದ ಥ್ರೆಡ್‌ಲಾಕರ್ ಒಂದೇ ಹನಿ, ಇಲ್ಲವೇ ತಲೆಯ ಕೆಳಗೊಂದು ತೆಳು ರಬ್ಬರ್ ರಿಂಗು. ಕೆಂಪು ಬಣ್ಣದ್ದು ಬೇಡ, ಅದನ್ನು ಬಿಡಿಸಲು ಕಾಯಿಸಬೇಕಾಗುತ್ತದೆ. ನಮ್ಮ ಮುಂಬಯಿ ಮಳೆಗೆ ಮರ ಉಬ್ಬಿ ಆಮೇಲೆ ಕುಗ್ಗುತ್ತದೆ, ಹಾಗಾಗಿ ದೀಪಾವಳಿ ಹೊತ್ತಿಗೆ ಒಮ್ಮೆ ನೋಡುವುದು ಒಳ್ಳೆಯದು. ಥ್ರೆಡ್ಡೇ ಹಾಳಾಗಿದ್ದರೆ ಗಲ್ಲಿಯ ಮೆಕ್ಯಾನಿಕ್ ಹತ್ತಿರ ಹೋಗಬೇಡಿ. 1959ರ ಆಯುಧ ಕಾಯ್ದೆಯ ಪ್ರಕಾರ ರಿಪೇರಿಗೂ ಲೈಸೆನ್ಸ್ ಇರುವವರೇ ಆಗಬೇಕು.

ಈಗ ನನ್ನ ಅಸಲು ತಕರಾರಿಗೆ ಬರುತ್ತೇನೆ. ತಪಾಸಣೆಗೆ ಬಂದವರು ಕಾವಲುಗಾರನ ಲೈಸೆನ್ಸ್ ತಾರೀಖು ನೋಡುತ್ತಾರೆ, ಗುಂಡು ಎಣಿಸುತ್ತಾರೆ. ಒಮ್ಮೆ ಹಿಡಿಕೆ ಅಲುಗಾಡಿದ್ದು ಅವರ ಕಣ್ಣಿಗೆ ಬಿದ್ದು ರಿಮಾರ್ಕ್ ಬರೆದರು. ತಕ್ಷಣ ನಮ್ಮ ಮೇಲಿನವರಿಂದ ಹುಕುಂ: "ಇನ್ನು ಅದು ಜಪ್ಪಯ್ಯ ಅಂದರೂ ಅಲುಗಬಾರದು!" ಕಾಕಾ ಶಾಂತವಾಗಿ, "ಸಾಹೇಬ್, ಇದು ಶಟರಿನ ಬೋಲ್ಟ್ ಅಲ್ಲ" ಅಂದರು. ಅವರಿಗೆ ಗೊತ್ತಿತ್ತು, ಆಯುಧ ಉಳಿಯಿತು. ಗೊತ್ತಿಲ್ಲದವನು ಹೆದರಿಕೊಂಡು ನಾಣ್ಯವನ್ನೋ ಚಾಕುವನ್ನೋ ತುರುಕಿ ತಿರುಗಿಸುತ್ತಾನೆ. ಕೆಟ್ಟರೆ ದುಡ್ಡು ಅವನ ಜೇಬಿನಿಂದ. ಅವನ ಸಂಬಳ ಎಷ್ಟು ಅಂತ ನಮಗೆಲ್ಲ ಗೊತ್ತೇ ಇದೆ.

ಆಯುಧ ನಮ್ಮ ದುಡ್ಡು ಕಾಯುವುದಕ್ಕೆ ಅಂದ ಮೇಲೆ, ಅಳತೆಗೆ ಸರಿಯಾದ ಒಂದು ಸ್ಕ್ರೂಡ್ರೈವರು, ವರ್ಷಕ್ಕೊಂದು ಸಲ ಬಲ್ಲವರಿಂದ ಅರ್ಧ ಗಂಟೆಯ ಪಾಠ, ಇಷ್ಟನ್ನು ಶಾಖೆಯ ಖರ್ಚಿನಲ್ಲೇ ಕೊಡಬಾರದೇ? ತಪಾಸಣೆಗೆ ಬಂದವರ ಚಹಾ-ಫರಾಳದ ಬಿಲ್ಲಿಗಿಂತ ಇದು ದೊಡ್ಡದಾಗಲಿಕ್ಕಿಲ್ಲ. ನೀವೇನಂತೀರಿ?