ಇಂಚಿನ ಲೆಕ್ಕ, ನಿದ್ದೆಯ ಲೆಕ್ಕ

ಸಿಂಗಪುರದಿಂದ ಅಮೆರಿಕದ ನೆವಾರ್ಕ್‌ಗೆ ಎಲ್ಲೂ ಇಳಿಯದೆ ಹೋಗುವ ವಿಮಾನ 2018ರಲ್ಲಿ ಮತ್ತೆ ಶುರುವಾದಾಗ ಅದರಲ್ಲಿದ್ದದ್ದು 161 ಸೀಟು: 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ. ಎಕಾನಮಿ ಇರಲೇ ಇಲ್ಲ. ಇದನ್ನು ಸಿಂಗಪುರ ಏರ್‌ಲೈನ್ಸ್‌ನ ಕರುಣೆ ಎಂದು ಯಾರೂ ತಿಳಿಯಬೇಕಿಲ್ಲ. 15,300 ಕಿಲೋಮೀಟರ್ ದಾಟಲು ಏರ್‌ಬಸ್ ಎ350ರ ಈ ವಿಶೇಷ ಮಾದರಿ 1,65,000 ಲೀಟರ್‌ವರೆಗೆ ಇಂಧನ ತುಂಬಿಕೊಳ್ಳಬಲ್ಲದು. ಆ ಇಂಧನವನ್ನು ಹೊರುವುದಕ್ಕೇ ಒಂದಷ್ಟು ಇಂಧನ ಉರಿದುಹೋಗುತ್ತದೆ. ಹಾಗಾಗಿ ಜನ ಕಡಿಮೆ ಇರಬೇಕು, ಇರುವವರು ಜಾಸ್ತಿ ಕೊಡಬೇಕು.

ಪ್ರೀಮಿಯಂ ಎಕಾನಮಿಯ ನಿಜವಾದ ಯೋಗ್ಯತೆ ಅಳೆಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬೇರೆ ವಿಮಾನಗಳಲ್ಲಿ ಆ ಸೀಟಿನ ಸುಖದಲ್ಲಿ ಒಂದು ಪಾಲು ಹಿಂದಿನ ಪರದೆಯಾಚೆ ಒತ್ತೊತ್ತಾಗಿ ಕೂತವರಿಂದ ಬರುತ್ತದೆ. (ಒಪ್ಪಿಕೊಳ್ಳಲು ಯಾರಿಗೂ ಇಷ್ಟವಿಲ್ಲ, ಅಷ್ಟೆ.) ಇಲ್ಲಿ ಹಿಂದೆ ಯಾರೂ ಇಲ್ಲ. ಉಳಿಯುವುದು ಬರೀ ಸೀಟು: ಸಾಲಿನಿಂದ ಸಾಲಿಗೆ 38 ಇಂಚು, ಬೆನ್ನು ವಾಲುವುದು 8 ಇಂಚು, ಮೀನಖಂಡಕ್ಕೊಂದು ಆಸರೆ, ಪಾದಕ್ಕೊಂದು ಪಟ್ಟಿ.

ಊಟ ಮುಗಿದು ದೀಪ ಆರುವವರೆಗೆ ಇದು ಸೊಗಸಾಗಿಯೇ ಇರುತ್ತದೆ. ಒಂಬತ್ತನೇ ಗಂಟೆಯ ಹೊತ್ತಿಗೆ ದೇಹ ಬೇರೆ ಲೆಕ್ಕ ತೆಗೆಯುತ್ತದೆ. ಮುಂದಿನವರು ಸೀಟು ವಾಲಿಸಿದ್ದರಿಂದ ಪರದೆ ಮೂಗಿನ ಹತ್ತಿರ ಬಂದಿರುತ್ತದೆ. ಸೊಂಟ ಮುಂದಕ್ಕೆ ಜಾರುತ್ತದೆ, ಎಳೆದು ಕೂತರೆ ಮತ್ತೆ ಜಾರುತ್ತದೆ. ನೀರು ಕುಡಿಯುವ ನೆಪದಲ್ಲಿ ನಾಲ್ಕಾರು ಜನ ಅಡುಗೆಕಟ್ಟೆಯ ಬಳಿ ಸುಮ್ಮನೆ ನಿಂತಿರುತ್ತಾರೆ. ಇನ್ನೂ ಅರ್ಧ ದಾರಿ.

ಹೀಗಾಗುತ್ತದೆಂದು ವಿಮಾನಯಾನದ ನಿಯಮ ಬರೆದವರಿಗೆ ಚೆನ್ನಾಗಿ ಗೊತ್ತು. ಪೈಲಟ್‌ಗಳ ವಿಶ್ರಾಂತಿಯ ಜಾಗಕ್ಕೆ ಅಮೆರಿಕದ ನಿಯಮಾವಳಿಯಲ್ಲಿ ಮೂರು ದರ್ಜೆಗಳಿವೆ. ಪ್ರಯಾಣಿಕರಿಂದ ದೂರ, ಮೈ ಚಾಚಿ ಮಲಗುವ ಮಂಚವಿದ್ದರೆ ಮೊದಲನೆಯದು. 40 ಡಿಗ್ರಿ ವಾಲುವ, ಕಾಲಿಗೆ ಆಸರೆ ಇರುವ ಸೀಟು ಮೂರನೆಯದು, ಅಂದರೆ ಕೊನೆಯದು. ನಾವು ದುಡ್ಡು ಕೊಟ್ಟು ಕೊಳ್ಳುವ ‘ಪ್ರೀಮಿಯಂ’ ಹೆಚ್ಚುಕಡಿಮೆ ಅದೇ ಜಾತಿಯದು. ಪೈಲಟ್ ಎಚ್ಚರವಾಗಿರಬೇಕು, ನಾವೇನು ವಿಮಾನ ಓಡಿಸಬೇಕೆ ಎಂದು ಕೇಳಬಹುದು. ಸರಿಯೇ. ಆದರೆ ಮಲಗದ ಬೆನ್ನಿಗೆ ಕೆಲಸದ ಬೆನ್ನು, ರಜೆಯ ಬೆನ್ನು ಎಂಬ ಭೇದವಿಲ್ಲ.

ಹಾಗಿದ್ದರೆ ಈ ಟಿಕೆಟ್ಟು ದಂಡವೇ? ಕೂರುವವರು ಯಾರು ಎಂಬುದರ ಮೇಲೆ ಹೋಗುತ್ತದೆ. ಮಗಳ ಬಾಣಂತನಕ್ಕೆಂದು ಹೊರಟ ದಾವಣಗೆರೆಯ ತಾಯಿಗೆ ಅಪರಾತ್ರಿಯಲ್ಲಿ ದೋಹಾದಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಗೇಟು ಹುಡುಕಿ ವಿಮಾನ ಬದಲಿಸುವುದು ಸೊಂಟನೋವಿಗಿಂತ ದೊಡ್ಡ ಕಷ್ಟ. 2021ರ ಜನವರಿಯಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಏರ್ ಇಂಡಿಯಾ ನೇರ ವಿಮಾನ ಬಿಟ್ಟಾಗ ಅದು ಎಷ್ಟೋ ಮನೆಗಳಲ್ಲಿ ಸುದ್ದಿಯಾದದ್ದು ಇದಕ್ಕೇ. ಆಕೆಗೆ ಬೇಕಾದದ್ದು ನೇರ ವಿಮಾನ. ಆರೇಳು ಇಂಚು ಜಾಸ್ತಿ ಸಿಕ್ಕರೆ ಅದು ಮೇಲಿನ ಕೊಸರು. ಗಟ್ಟಿ ಮೊಣಕಾಲಿನ ಮೂವತ್ತರ ಹುಡುಗ ಮಾತ್ರ ದಾರಿಯಲ್ಲೊಂದು ಊರಲ್ಲಿ ಇಳಿದು, ಹೋಟೆಲಿನಲ್ಲಿ ರಾತ್ರಿ ಮಲಗಿ ಎದ್ದು ಮುಂದೆ ಹೋಗುವುದೇ ವಾಸಿ ಎಂದು ನನಗನ್ನಿಸುತ್ತದೆ.

ಕಂಪನಿಗಳು ಇಂಚು ಮಾರುವುದನ್ನು ಬಿಟ್ಟು ಮಲಗುವ ಹೊತ್ತನ್ನು ಮಾರಲು ಕಲಿಯಬೇಕು. ಇದು ಹಗಲುಗನಸೇನಲ್ಲ. ಆಕ್ಲೆಂಡ್–ನ್ಯೂಯಾರ್ಕ್ ದಾರಿಗೆಂದು ಏರ್ ನ್ಯೂಜಿಲೆಂಡ್ 2022ರಲ್ಲಿ ಪ್ರಕಟಿಸಿದ ಯೋಜನೆಯಲ್ಲಿ ಎಕಾನಮಿ, ಪ್ರೀಮಿಯಂ ಎಕಾನಮಿಯವರಿಗಾಗಿಯೇ ಆರು ಮಲಗುವ ಗೂಡುಗಳಿವೆ, ನಮ್ಮ ರೈಲಿನ ಬರ್ತುಗಳಂತೆ ಒಂದರ ಮೇಲೊಂದು. ಒಬ್ಬರ ಪಾಳಿ ನಾಲ್ಕು ಗಂಟೆ. ಪಾಳಿ ಮುಗಿದ ಮೇಲೆ ಹಾಸಿಗೆಯ ಬಟ್ಟೆ ಬದಲಿಸಿ ಮುಂದಿನವರಿಗೆ ಬಿಟ್ಟುಕೊಡುತ್ತಾರೆ. ವಿಮಾನದ ತುಂಬ ಜನರಿಗೆ ಆರು ಗೂಡು ಎಲ್ಲಿ ಸಾಲುತ್ತದೆ ಎನ್ನುವುದು ನಿಜ. ಆದರೂ ಸೀಟು ಎಷ್ಟು ವಾಲುತ್ತದೆ ಎಂದು ಕೇಳುವ ಬದಲು, ಹದಿನೆಂಟು ಗಂಟೆಯಲ್ಲಿ ಎಷ್ಟು ಹೊತ್ತು ಮಲಗಬಹುದು ಎಂದು ಟಿಕೆಟ್ ಕೊಳ್ಳುವಾಗಲೇ ಕೇಳಲು ಅದರಿಂದ ಒಂದು ದಾರಿಯಾದರೂ ಆಗಿದೆ.