ಲೈಬ್ರರಿ ಫೀಚರ್ ದಂಡ ಅನ್ನೋರಿಗೆ...

ಸಾಲಿಡ್‌ವರ್ಕ್ಸ್‌ನಲ್ಲಿ ಲೈಬ್ರರಿ ಫೀಚರ್ ಅಂತ ಒಂದಿದೆ. ಒಮ್ಮೆ ಮಾಡಿದ ಕೀವೇಯನ್ನ ಎತ್ತಿಟ್ಟುಕೊಂಡು ಬೇರೆ ಪಾರ್ಟಿನ ಮೇಲೆ ಎಳೆದು ಹಾಕಬಹುದು. ಇನ್ವೆಂಟರ್‌ನಲ್ಲಿ ಇದೇ ಐಫೀಚರ್, ಕಟಿಯಾದಲ್ಲಿ ಪವರ್‌ಕಾಪಿ. ನಮ್ಮ ಕಡೆ ಡ್ರಾಯಿಂಗ್ ಮಾಡೋರಿಗೆ ಇದನ್ನ ಕಂಡ್ರೆ ಯಾಕೋ ತಾತ್ಸಾರ. "ಅದನ್ನ ರೆಡಿ ಮಾಡೋ ಹೊತ್ತಿಗೆ ಹತ್ತು ಕೀವೇ ಹಾಕ್ತೀನಿ ಗುರೂ, ಹಳೇ ಫೈಲ್ ಸೇವ್ ಆಸ್ ಮಾಡಿದ್ರೆ ಆಯ್ತು" ಅಂತಾರೆ.

ಆ ಸೇವ್ ಆಸ್ ಚಾಳಿ ಬಗ್ಗೆಯೇ ನನ್ನ ತಕರಾರು.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಆಲೆಮನೆ ಗಾಣವನ್ನೇ ತಗೊಳ್ಳಿ. ಗೇರು, ಪುಲ್ಲಿ ಎಲ್ಲಕ್ಕೂ ಕೀ ಬೇಕು. ಶಾಫ್ಟ್ 35 ಮಿ.ಮೀ. ಇದ್ದರೆ ಕೀ 10×8, ಶಾಫ್ಟಿನಲ್ಲಿ ಆಳ 5. ಅದೇ 45 ಆದರೆ ಕೀ 14×9, ಆಳ 5.5, ಹಬ್‌ನಲ್ಲಿ 3.8. ಐಎಸ್ 2048ರ ಪಟ್ಟಿ ಇರೋದೇ ಇದಕ್ಕೆ. ಸೇವ್ ಆಸ್ ಮಾಡಿದವನು ವ್ಯಾಸ ಬದಲಾಯಿಸ್ತಾನೆ, ಕೀವೇ ಹಳೇದೇ ಉಳಿಯುತ್ತೆ. ಸ್ಕ್ರೀನ್ ಮೇಲೆ ಚೆಂದಾಗೇ ಕಾಣುತ್ತೆ! ಗಾಣಕ್ಕೆ ಕಬ್ಬು ಕೊಟ್ಟಾಗ ಸಣ್ಣ ಕೀ ಕತ್ತರಿಸಿಕೊಂಡು ಹೋಗುತ್ತೆ. ಕಡಿದ ಕಬ್ಬು ರಿಪೇರಿಗೆ ಅಂತ ಕಾಯಲ್ಲ ಸ್ವಾಮಿ, ದಿನ ಕಳೆದ ಹಾಗೆ ತೂಕವೂ ಇಳಿಯುತ್ತೆ, ಸಕ್ಕರೆಯೂ ಇಳಿಯುತ್ತೆ. ಆ ನಷ್ಟ ಡ್ರಾಯಿಂಗ್ ಮಾಡಿದವನಿಗೆ ಬರಲ್ಲ.

ಲೈಬ್ರರಿ ಫೀಚರ್‌ನಲ್ಲಿ ಆ ಪಟ್ಟಿಯನ್ನೇ ಡಿಸೈನ್ ಟೇಬಲ್ ಮಾಡಿ ಒಳಗಿಡಬಹುದು. ಹಾಕುವಾಗ ಪಟ್ಟಿಯಿಂದ 14×9 ಆರಿಸಿದರೆ ಅಗಲ, ಆಳ ಎರಡೂ ಒಟ್ಟಿಗೇ ಬರುತ್ತೆ. ಯಾರೂ ಮುಟ್ಟಬಾರದ ಅಳತೆಗಳನ್ನ ಇಂಟರ್ನಲ್ ಡೈಮೆನ್ಷನ್ಸ್ ಫೋಲ್ಡರಿಗೆ ಹಾಕಿ ಮುಚ್ಚಿಡಬಹುದು. ಅರ್ಧ ದಿನದ ಕೆಲಸ, ಒಂದೇ ಸಲ.

"ರೆಫರೆನ್ಸ್ ಕಿತ್ತೋಗುತ್ತೆ" ಅನ್ನೋದು ಇನ್ನೊಂದು ದೂರು. ಕಿತ್ತೋಗದೆ ಇನ್ನೇನು? ಸಿಕ್ಕ ಸಿಕ್ಕ ಎಡ್ಜಿಗೆಲ್ಲ ಅಳತೆ ಕಟ್ಟಿದರೆ ಹೊಸ ಶಾಫ್ಟಿನಲ್ಲಿ ಆ ಎಡ್ಜ್ ಎಲ್ಲಿಂದ ಬರಬೇಕು? ಶಾಫ್ಟಿನ ಅಕ್ಷ, ತುದಿಯ ಮುಖ, ಮೇಲೆ ತಾಗಿ ನಿಂತ ಒಂದು ಟ್ಯಾಂಜೆಂಟ್ ಪ್ಲೇನ್, ಈ ಮೂರೇ ಸಾಕು.

ಎಲ್ಲವನ್ನೂ ಲೈಬ್ರರಿಗೆ ತುಂಬಿ ಅಂತ ನಾನು ಹೇಳ್ತಿಲ್ಲ. ಒಂದೇ ಸಲ ಮಾಡೋ ಎರಕದ ಬಾಡಿಗೆ ಇದು ನಿಜವಾಗಲೂ ದಂಡವೇ. ಲಿಂಕ್ ಇಟ್ಟುಕೊಳ್ಳೋ ಆಯ್ಕೆಯನ್ನೂ ನೋಡಿಕೊಂಡು ಬಳಸಬೇಕು. ಲೈಬ್ರರಿ ತಿದ್ದಿದರೆ ವರ್ಕ್‌ಶಾಪಿಗೆ ಆಗಲೇ ಹೋದ ಡ್ರಾಯಿಂಗಿನ ಮಾಡೆಲ್ಲೂ ಬದಲಾಗಿಬಿಡುತ್ತೆ. ಕಳಿಸಿಯಾದ ಮೇಲೆ ಲಿಂಕ್ ಕಡಿದುಬಿಡಿ.

ಕೀವೇ, ಸರ್ಕ್ಲಿಪ್ ಗ್ರೂವ್, ಓ-ರಿಂಗ್ ಗ್ರೂವ್... ಈ ಮೂರನ್ನ ಮೊದಲು ಮಾಡಿಡಿ. ಆಮೇಲೂ ದಂಡ ಅನ್ಸಿದ್ರೆ ಕಾಮೆಂಟಲ್ಲಿ ಬಂದು ಬೈಯಿರಿ :)